ಬೆಳಗಿನ ಜಾವಕ್ಕೂ ಬೆಚ್ಚಗಿರುವ ಡ್ರಮ್ಮು: ಹಸಿರುಮನೆಯಲ್ಲಿ ನೀರಿನ ಶಾಖಸಂಗ್ರಹ

ಪಾಂಡವಪುರದ ಬಳಿ ನಮ್ಮ ಸೋದರಮಾವನವರದೊಂದು ಸಣ್ಣ ನರ್ಸರಿಯಿದೆ. ಪಾಲಿಹೌಸಿನಲ್ಲಿ, ಎಂದರೆ ಪಾಲಿಥೀನ್ ಹೊದಿಸಿದ ಹಸಿರುಮನೆಯಲ್ಲಿ, ದಪ್ಪ ಮೆಣಸಿನಕಾಯಿ ಮತ್ತು ಟೊಮ್ಯಾಟೊ ಸಸಿಗಳನ್ನೂ, ಟ್ರೇಗಳಲ್ಲಿ ಒಂಟಿಕಣ್ಣಿನ ಕಬ್ಬಿನ ಸಸಿಗಳನ್ನೂ ಬೆಳೆಸುತ್ತಾರೆ. ನನ್ನ ಮಾತು ಕೇಳಿ ಅವರು ಕಪ್ಪು ಬಣ್ಣ ಬಳಿದ 200 ಲೀಟರಿನ ಡ್ರಮ್ಮುಗಳಲ್ಲಿ ನೀರು ತುಂಬಿ, ಹಗಲು ಬಿಸಿಲಿಗೆ ಕಾದ ನೀರು ರಾತ್ರಿ ಸಸಿಗಳನ್ನು ಬೆಚ್ಚಗಿಡಲೆಂದು, ಒಳಗೆ ನಿಲ್ಲಿಸಿದ್ದರು. ಧನುರ್ಮಾಸದ ಒಂದು ಬೆಳಗಿನ ಜಾವ ಒಳಗೆ ಹೋದಾಗ, ಚಳಿಗೆ ಮರಗಟ್ಟಿದ ಕೈಗೆ ಡ್ರಮ್ಮಿನ ಮೇಲ್ಭಾಗ ಹಿತವಾಗಿ ಬೆಚ್ಚಗಿತ್ತು. ಗಾಳಿ ಮಾತ್ರ ಹೊರಗಿನಷ್ಟೇ ತಣ್ಣಗಿತ್ತು. ನನಗೆ ಸಂತೋಷವಾಯಿತು, ಮಾವನವರಿಗೆ ಆಗಲಿಲ್ಲ. "ನೀರು ಬೆಚ್ಚಗಿದೆ, ಸಸಿ ನಡುಗ್ತಾ ಇದೆ. ನಿನ್ನ ಲೆಕ್ಕದಲ್ಲೇ ಏನೋ ತಪ್ಪಿದೆ ಕಣಪ್ಪ," ಎಂದರು. ಅವರ ಮಾತೇ ಸರಿ. ಆ ತಪ್ಪು ಎಲ್ಲಿದೆ ಎಂಬುದನ್ನು ಹುಡುಕುವುದೇ ಈ ಟಿಪ್ಪಣಿಯ ವಿಷಯ.

ನೀರನ್ನೇ ಏಕೆ ಆರಿಸುತ್ತಾರೆ ಎಂಬುದು ಹಳೆಯ ಮನೆಗಳ ಬಚ್ಚಲು ಕಂಡವರಿಗೆ ಗೊತ್ತಿರುತ್ತದೆ: ರಾತ್ರಿ ಒಲೆ ಆರಿದರೂ ಹಂಡೆಯ ನೀರು ಬೆಳಿಗ್ಗೆಯವರೆಗೆ ಪೂರ್ತಿ ತಣಿಯುವುದಿಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4.19 ಕಿಲೋಜೂಲ್ ಶಾಖ ಬೇಕು, ಅದೇ ಗಾತ್ರದ ಕಲ್ಲಿಗೆ ಇದರ ಅರ್ಧ ಸಾಕು. ಗಾಳಿಯ ಸಾಮರ್ಥ್ಯವಂತೂ ಎಷ್ಟು ಕಡಿಮೆಯೆಂದರೆ, ಒಂದು ಲೀಟರ್ ನೀರು ಹಿಡಿದಿಡುವ ಶಾಖವನ್ನು ಹಿಡಿಯಲು ಸುಮಾರು 3,500 ಲೀಟರ್ ಗಾಳಿ ಬೇಕಾಗುತ್ತದೆ. ಮಧ್ಯಾಹ್ನ ಬೆವರಿಳಿಸುವ ಪಾಲಿಹೌಸು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ತಣ್ಣಗಾಗುವುದಕ್ಕೆ ಇದೊಂದು ಕಾರಣ. ಸಾಧಾರಣ ಪಾಲಿಥೀನ್ ಹಾಳೆಯು ನೆಲ ಮತ್ತು ಗಿಡಗಳು ಹೊರಸೂಸುವ ಶಾಖಕಿರಣಗಳನ್ನು ಬಹುಮಟ್ಟಿಗೆ ತಡೆಯದೆ ಆಕಾಶಕ್ಕೆ ಬಿಟ್ಟುಕೊಡುವುದು ಇನ್ನೊಂದು ಕಾರಣ. ಆದ್ದರಿಂದಲೇ ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಒಳಗಿನ ತಾಪಮಾನ ಹೊರಗಿನದಕ್ಕಿಂತಲೂ ತುಸು ಕೆಳಗಿಳಿಯುವುದುಂಟು.

ನಮ್ಮ ಮೈಸೂರು, ಮಂಡ್ಯದ ಚಳಿ ಬೆಳೆಯನ್ನು ಕೊಲ್ಲುವ ಚಳಿಯಲ್ಲ. ಜನವರಿಯಲ್ಲಿ ರಾತ್ರಿಯ ಸರಾಸರಿ ಕನಿಷ್ಠ ತಾಪಮಾನ ಸುಮಾರು 16 ಡಿಗ್ರಿ, ಕೆಲವು ರಾತ್ರಿಗಳಲ್ಲಿ ಅದು 12ರ ಆಸುಪಾಸಿಗೆ ಇಳಿಯುತ್ತದೆ. ಬೆಳೆದ ಗಿಡಕ್ಕೆ ಇದರಿಂದ ಅಪಾಯವಿಲ್ಲದಿದ್ದರೂ ಮೆಣಸಿನ ಬೀಜದ ಮೊಳಕೆ ನಿಧಾನವಾಗುತ್ತದೆ, ಕಬ್ಬಿನ ಕಣ್ಣು ಒಡೆಯಲು ತಡವಾಗುತ್ತದೆ. ದಿನದ ಲೆಕ್ಕದಲ್ಲಿ ಸಸಿ ಒಪ್ಪಿಸಬೇಕಾದ ನರ್ಸರಿಗೆ ಆ ತಡವೇ ನಷ್ಟ. ನಮಗೆ ಬೇಕಾಗಿರುವುದು ಐದು ಡಿಗ್ರಿಯ ಆಸರೆ ಮಾತ್ರ.

ಈಗ ನಾನು ಮೊದಲು ಮಾಡಿದ ಲೆಕ್ಕವನ್ನು ನೋಡೋಣ. 6 ಮೀಟರ್ ಉದ್ದ, 4 ಮೀಟರ್ ಅಗಲ, 2.5 ಮೀಟರ್ ಎತ್ತರದ ಹಸಿರುಮನೆಗೆ ಗೋಡೆ ಮತ್ತು ಚಾವಣಿ ಸೇರಿ ಹೊದಿಕೆಯ ವಿಸ್ತೀರ್ಣ ಸುಮಾರು 75 ಚದರ ಮೀಟರ್. ಒಂದು ಪದರದ ಪಾಲಿಥೀನಿನಲ್ಲಿ ಪ್ರತಿ ಚದರ ಮೀಟರಿನಿಂದ, ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 6 ವ್ಯಾಟ್ ಶಾಖ ಸೋರುತ್ತದೆ. ಹೊರಗೆ 12, ಒಳಗೆ 17 ಡಿಗ್ರಿ ಇರಬೇಕೆಂದರೆ 75, 6 ಮತ್ತು 5ರ ಗುಣಲಬ್ಧವಾದ 2,250 ವ್ಯಾಟ್ ಸೋರಿಕೆಯನ್ನು ತುಂಬಿಕೊಡಬೇಕು. ರಾತ್ರಿಯ 11 ಗಂಟೆಗಳಿಗೆ ಇದು ಸುಮಾರು 25 ಯೂನಿಟ್. ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು. ಸಂದುಗಳಿಂದ ನುಗ್ಗುವ ತಂಗಾಳಿಯನ್ನೂ ನೆಲದಿಂದ ಮೇಲೇಳುವ ಶಾಖವನ್ನೂ ಇಲ್ಲಿ ಬಿಟ್ಟಿದ್ದೇನೆ. 200 ಲೀಟರಿನ ಡ್ರಮ್ಮು 10 ಡಿಗ್ರಿ ತಣಿದರೆ 2.3 ಯೂನಿಟ್ ಕೊಡುತ್ತದೆ. ಹಾಗಾದರೆ 11 ಡ್ರಮ್ಮು ಸಾಕು ಎಂದು ನಾನು ಮಾವನವರಿಗೆ ಹೇಳಿದ್ದೆ.

ತಪ್ಪಿರುವುದು "10 ಡಿಗ್ರಿ ತಣಿದರೆ" ಎಂಬಲ್ಲಿ. ಡ್ರಮ್ಮು ತಣಿಯಬೇಕಾದರೆ ಶಾಖವು ಅದರ ಮೈಯಿಂದ ಹೊರಡಬೇಕು, ಮತ್ತು ಆ ಮೈ ಚಿಕ್ಕದು: ಬದಿ ಮತ್ತು ಮೇಲ್ಭಾಗ ಸೇರಿ ಸುಮಾರು 1.9 ಚದರ ಮೀಟರ್. ನಿಂತ ಗಾಳಿಯಲ್ಲಿ ಪ್ರತಿ ಚದರ ಮೀಟರಿನಿಂದ ಪ್ರತಿ ಡಿಗ್ರಿಗೆ 8 ವ್ಯಾಟ್ ಹೊರಡುತ್ತದೆಂದು ಹಿಡಿದರೆ ಒಂದು ಡ್ರಮ್ಮು ಡಿಗ್ರಿಗೆ ಸುಮಾರು 15 ವ್ಯಾಟ್ ಕೊಡಬಲ್ಲದು. ಸಂಜೆ ನೀರು 28 ಡಿಗ್ರಿ, ಗಾಳಿ 17 ಡಿಗ್ರಿ ಇದ್ದಾಗ ಒಂದರಿಂದ 165 ವ್ಯಾಟ್, ಹನ್ನೊಂದರಿಂದ ಸುಮಾರು 1,800 ವ್ಯಾಟ್ ಬರುತ್ತದೆ. ನೀರು ತಣಿದಂತೆ ವ್ಯತ್ಯಾಸ ಕುಗ್ಗುತ್ತದೆ, ವ್ಯತ್ಯಾಸ ಕುಗ್ಗಿದಂತೆ ತಣಿಯುವ ವೇಗವೂ ಕುಗ್ಗುತ್ತದೆ. ಈ ಇಳಿಕೆಯನ್ನು ಲೆಕ್ಕ ಹಾಕಿದರೆ ಹನ್ನೊಂದು ಗಂಟೆಗಳ ನಂತರವೂ ನೀರು 22 ಡಿಗ್ರಿಗಿಂತ ಮೇಲೇ ಉಳಿದಿರುತ್ತದೆ, ಡ್ರಮ್ಮುಗಳು ಒಟ್ಟು 900 ವ್ಯಾಟ್ ಮಾತ್ರ ಕೊಡುತ್ತಿರುತ್ತವೆ. ಚಳಿ ತುತ್ತತುದಿಗೇರುವ ಹೊತ್ತಿನಲ್ಲಿ ಬೇಕಾದುದರ ಅರ್ಧವೂ ಸಿಗುವುದಿಲ್ಲ, ಉಳಿದ ಶಾಖ ಡ್ರಮ್ಮಿನೊಳಗೇ ಬಂದಿಯಾಗಿರುತ್ತದೆ. ಆ ದಿನ ನನ್ನ ಕೈಗೆ ಹಿತವೆನಿಸಿದ್ದು ಈ ಬಂದಿಯಾದ ಶಾಖ.

ಹಗಲಿನ ಕಡೆಯಿಂದ ಬಂದರೂ ಇದೇ ಉತ್ತರ ಸಿಗುವುದು ನನಗೆ ಈ ಲೆಕ್ಕದಲ್ಲಿ ನಂಬಿಕೆ ಹುಟ್ಟಿಸಿತು. ಬಿಸಿಲಿಗೆ ಮುಖಮಾಡಿದ ಡ್ರಮ್ಮಿನ ಬದಿ ಸುಮಾರು ಅರ್ಧ ಚದರ ಮೀಟರ್. ಹೊದಿಕೆಯ ಒಳಗೆ ಚದರ ಮೀಟರಿಗೆ ಸರಾಸರಿ 400 ವ್ಯಾಟ್ ಬಿಸಿಲು ಆರು ಗಂಟೆ ಬಿದ್ದರೆ 1.2 ಯೂನಿಟ್ ಆಗುತ್ತದೆ, ಅಂದರೆ ಐದು ಡಿಗ್ರಿಯ ಏರಿಕೆ. ಕೊಡುವುದೂ ಐದಾರು ಡಿಗ್ರಿ, ಪಡೆಯುವುದೂ ಐದು ಡಿಗ್ರಿ. ಹತ್ತು ಡಿಗ್ರಿ ಎಂಬುದು ಪುಸ್ತಕದ ಲೆಕ್ಕವನ್ನು ಬಿಟ್ಟು ಬೇರೆಲ್ಲೂ ಇರಲಿಲ್ಲ. ನಿಜವಾಗಿ ಬೇಕಿದ್ದುದು ಹತ್ತೊಂಬತ್ತು ಡ್ರಮ್ಮು, ಮತ್ತು ಅಷ್ಟನ್ನು ಇಟ್ಟರೆ ಟ್ರೇಗಳಿಗೆ ಜಾಗವೇ ಉಳಿಯುವುದಿಲ್ಲ.

ಇದೇ ನೀರನ್ನು 20 ಲೀಟರಿನ ಕ್ಯಾನುಗಳಿಗೆ ಹಂಚಿದರೆ ಪ್ರತಿ ಲೀಟರಿಗೆ ಸಿಗುವ ಮೈ ಎರಡೂವರೆ ಪಟ್ಟಾಗುತ್ತದೆ, ಬೆಳಗಾಗುವುದರೊಳಗೆ ಕೊಡಬಹುದಾದ ಶಾಖದ ಐದರಲ್ಲಿ ನಾಲ್ಕು ಪಾಲು ಹೊರಬಂದಿರುತ್ತದೆ. ಆದರೆ ಕ್ಯಾನುಗಳು ರಾತ್ರಿ ಹತ್ತರೊಳಗೇ ಉದಾರವಾಗಿ ಸುರಿದುಬಿಟ್ಟು, ಐದು ಗಂಟೆಗೆ ಕೈಚೆಲ್ಲುತ್ತವೆ. ಹೀಗಾಗಿ ಎರಡನ್ನೂ ಬೆರೆಸಿ ಇಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಇಡುವ ಜಾಗದ ವಿಚಾರದಲ್ಲಿ ಶೀತ ದೇಶಗಳ ಸಲಹೆಯನ್ನು ಹಾಗೆಯೇ ಎತ್ತಿಕೊಳ್ಳಬಾರದು. ಅಲ್ಲಿ ಚಳಿಗಾಲದ ಸೂರ್ಯ ದಿಗಂತದ ಹತ್ತಿರವೇ ಸುಳಿಯುವುದರಿಂದ ಉತ್ತರದ ಗೋಡೆಗೆ ನಿಲ್ಲಿಸಿದ ಡ್ರಮ್ಮಿಗೆ ಬಿಸಿಲು ನೇರವಾಗಿ ಬಡಿಯುತ್ತದೆ. ಮೈಸೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಆದ್ದರಿಂದ ನಿಂತ ಮೈಗಿಂತ ಮಲಗಿದ ಮೈಗೆ ಹೆಚ್ಚು ಬಿಸಿಲು ದಕ್ಕುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಸಾಲುಗಳ ನಡುವೆ ನೀರು ತುಂಬಿದ ಪಾಲಿಥೀನ್ ಕೊಳವೆಗಳನ್ನು ನೆಲದ ಮೇಲೆ ಮಲಗಿಸುವ ಪದ್ಧತಿಯಿದೆ. ಓಡಾಡುವಾಗ ತುಳಿದು ಒಡೆಯದಂತೆ ನೋಡಿಕೊಂಡರೆ ಅದು ನಮಗೆ ಹೆಚ್ಚು ಒಗ್ಗುತ್ತದೆ.

ಪಾತ್ರೆ ಯಾವುದೇ ಇರಲಿ, ಮುಚ್ಚಳ ಬೇಕೇ ಬೇಕು. ಒಂದು ಲೀಟರ್ ನೀರು ಆವಿಯಾಗುವಾಗ ಕೊಂಡೊಯ್ಯುವ ಶಾಖವು 100 ಲೀಟರ್ ನೀರನ್ನು ಸುಮಾರು ಆರು ಡಿಗ್ರಿ ತಣಿಸುವಷ್ಟಿರುತ್ತದೆ. ಆ ಆವಿ ತೇವವನ್ನು ಹೆಚ್ಚಿಸಿ ಸಸಿಗಳ ಬುಡಕೊಳೆ ರೋಗಕ್ಕೆ ದಾರಿಮಾಡುತ್ತದೆ. ತೆರೆದ ನೀರಿನಲ್ಲಿ ಸೊಳ್ಳೆಯಾಗುವುದನ್ನು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಮಾವನವರು ಮಾಡಿದ ಬದಲಾವಣೆ ನನ್ನ ಲೆಕ್ಕಕ್ಕಿಂತ ಜಾಣತನದ್ದು. ಅವರು ಇಡೀ ಮನೆಯನ್ನು ಬೆಚ್ಚಗಿಡುವ ಯೋಚನೆಯನ್ನೇ ಬಿಟ್ಟು, ಟ್ರೇಗಳ ಬೆಂಚಿನ ಕೆಳಗೆ ಕ್ಯಾನುಗಳನ್ನು ಜೋಡಿಸಿ, ಸಂಜೆ ಬೆಂಚಿನ ಮೇಲಿನಿಂದ ನೆಲದವರೆಗೆ ಪಾಲಿಥೀನ್ ಇಳಿಬಿಟ್ಟರು. 6 ಮೀಟರ್ ಉದ್ದದ ಒಂದು ಬೆಂಚಿಗೆ ಈ ಹೊದಿಕೆ ಸುಮಾರು 24 ಚದರ ಮೀಟರ್ ಆಗುವುದರಿಂದ, ಅದೇ ಐದು ಡಿಗ್ರಿಗೆ ಸೋರಿಕೆ 720 ವ್ಯಾಟಿಗೆ, ಎಂದರೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಶಾಖವು ಕೆಳಗಿನಿಂದ ಏರಿ ಟ್ರೇಗಳಲ್ಲಿ ತುಂಬಿದ ತೆಂಗಿನ ನಾರಿನ ಪುಡಿಗೇ (ಕೋಕೋಪೀಟ್) ಮೊದಲು ತಾಗುತ್ತದೆ, ಬೀಜಕ್ಕೆ ಬೆಚ್ಚನೆ ಬೇಕಾದುದೂ ಅಲ್ಲಿಯೇ. ಹಗಲಿನಲ್ಲಿ ಬೆಂಚಿನ ನೆರಳು ಕ್ಯಾನುಗಳ ಮೇಲೆ ಬೀಳುತ್ತದೆಂಬ ತೊಡಕಿದೆ. ಅದಕ್ಕೆ ಬಿಸಿಲು ಬೀಳುವ ಅಂಚಿನ ಸಾಲಿನ ಕ್ಯಾನುಗಳನ್ನು ದಿನ ಬಿಟ್ಟು ದಿನ ಒಳಗಿನವುಗಳೊಡನೆ ಅದಲುಬದಲು ಮಾಡುತ್ತಾರೆ.

ನೀವೂ ಮಾಡಿ ನೋಡುವುದಾದರೆ ಎರಡು ಥರ್ಮಾಮೀಟರ್ ಸಾಕು. ಒಂದನ್ನು ನೀರಿನ ನಡುಮಟ್ಟಕ್ಕೆ ಇಳಿಬಿಡಿ, ಏಕೆಂದರೆ ಬಿಸಿನೀರು ಮೇಲೇರಿ ನಿಲ್ಲುವುದರಿಂದ ಮೇಲ್ಭಾಗದ ಅಳತೆ ಮೋಸ ಮಾಡುತ್ತದೆ. ಇನ್ನೊಂದನ್ನು ಟ್ರೇಯ ಕೋಕೋಪೀಟಿನಲ್ಲಿ ಚುಚ್ಚಿಡಿ. ಸಂಜೆ ಆರಕ್ಕೂ ಬೆಳಿಗ್ಗೆ ಆರಕ್ಕೂ ಎರಡನ್ನೂ ಬರೆದುಕೊಳ್ಳಿ. ಬೆಳಿಗ್ಗೆ ನೀರು ಕೋಕೋಪೀಟಿಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿದ್ದರೆ ನಿಮಗೆ ಬೇಕಾದದ್ದು ಇನ್ನಷ್ಟು ನೀರಲ್ಲ, ಇನ್ನಷ್ಟು ಮೈ.