ಏಳು ಗಂಟೆ ಮಲಗಿದ್ದೂ ಸುಸ್ತು ಏಕೆ?

ನಿದ್ದೆ ಹೇಗಿದೆ ಎಂದು ಕೇಳಿದರೆ ಹೆಚ್ಚಿನವರು ಗಂಟೆಯ ಲೆಕ್ಕ ಹೇಳುತ್ತಾರೆ. "ಹನ್ನೊಂದಕ್ಕೆ ಮಲಗ್ತೀನಿ, ಆರಕ್ಕೆ ಏಳ್ತೀನಿ ಡಾಕ್ಟ್ರೇ. ಏಳು ಗಂಟೆ ಆಯ್ತಲ್ಲ." ಲೆಕ್ಕವೇನೋ ಸರಿ. ಆದರೆ ಅದೇ ಮನುಷ್ಯನಿಗೆ ಬೆಳಿಗ್ಗೆ ಎದ್ದರೆ ತಲೆ ಭಾರ. ಬಾಯಿ ಒಣಗಿರುತ್ತದೆ. ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಬಿಪಿ ಮಾತ್ರೆ ಒಂದಿದ್ದದ್ದು ಮೂರಾಗಿದೆ. ಶುಗರ್ ಹಿಡಿತಕ್ಕೆ ಬರುತ್ತಿಲ್ಲ. ಇದಕ್ಕೂ ರಾತ್ರಿಗೂ ನಂಟಿದೆ ಅಂತ ಅವರಿಗೆ ಹೊಳೆದಿರುವುದೇ ಇಲ್ಲ.

ಅದಕ್ಕೇ ನಾನು ಗಂಟೆಯ ಜೊತೆಗೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಎದ್ದಾಗ ಮೈ ಹಗುರ ಅನಿಸುತ್ತಾ? ಅದಕ್ಕೆ ಬರುವ ಉತ್ತರದಿಂದ ಎಷ್ಟೋ ಸಲ ರೋಗದ ದಾರಿ ಸಿಗುತ್ತದೆ.

ರಾತ್ರಿಯಿಡೀ ನಿದ್ದೆ ಒಂದೇ ತರ ಇರುವುದಿಲ್ಲ. ಸುಮಾರು 90 ನಿಮಿಷಕ್ಕೆ ಒಂದು ಸುತ್ತು, ರಾತ್ರಿಗೆ ನಾಲ್ಕೈದು ಸುತ್ತು. ಮೊದಲು ತೆಳು ನಿದ್ದೆ, ಆಮೇಲೆ ಗಾಢ ನಿದ್ದೆ, ಅದಾದ ಮೇಲೆ ಕನಸಿನ ನಿದ್ದೆ. ಕನಸಿನ ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ. ಇದನ್ನು ಗುರುತಿಸಿ 1953ರಲ್ಲಿ ಬರೆದವರು ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಜಾಸ್ತಿ, ಕನಸಿನ ನಿದ್ದೆ ಬೆಳಗಿನ ಜಾವದ ಕಡೆಗೆ ಜಾಸ್ತಿ. ಗಾಢ ನಿದ್ದೆಯಲ್ಲಿ ಹೃದಯದ ಬಡಿತ ನಿಧಾನವಾಗುತ್ತದೆ, ಬಿಪಿ ಇಳಿಯುತ್ತದೆ, ಬೆಳವಣಿಗೆಯ ಹಾರ್ಮೋನು ಹೆಚ್ಚು ಹೊರಬರುತ್ತದೆ. ಈ ಸುತ್ತುಗಳು ನಡುವೆ ತುಂಡಾದರೆ ಗಡಿಯಾರದಲ್ಲಿ ಏನೂ ಕಾಣುವುದಿಲ್ಲ, ಮೈಗೆ ಮಾತ್ರ ಗೊತ್ತಾಗುತ್ತದೆ.

ಇದನ್ನು ನೇರವಾಗಿ ಪರೀಕ್ಷಿಸಿ ನೋಡಿದ್ದೂ ಇದೆ. 2008ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲೇ ಆರೋಗ್ಯವಂತ ಯುವಜನರನ್ನು ಪ್ರಯೋಗಾಲಯದಲ್ಲಿ ಮಲಗಿಸಿದರು. ಅವರು ಗಾಢ ನಿದ್ದೆಗೆ ಇಳಿದಾಗಲೆಲ್ಲ ಒಂದು ಶಬ್ದ. ಎಚ್ಚರವಾಗುವಷ್ಟು ಜೋರಲ್ಲ, ನಿದ್ದೆ ತೆಳುವಾಗುವಷ್ಟು ಮಾತ್ರ. ಒಟ್ಟು ನಿದ್ದೆಯ ಹೊತ್ತು ಕಡಿಮೆಯಾಗಲಿಲ್ಲ. ಆದರೂ ಬರೀ ಮೂರು ರಾತ್ರಿಗೆ ಅವರ ದೇಹ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಸ್ಪಂದಿಸುವುದು ಸುಮಾರು 25 ಶೇಕಡಾ ಕುಸಿಯಿತು. ಊಟ ಬದಲಾಯಿಸಿ, ನಡಿಗೆ ಹೆಚ್ಚಿಸಿ, ಮಾತ್ರೆ ಸೇರಿಸಿದ ಮೇಲೂ ಶುಗರ್ ಇಳಿಯದವರನ್ನು ಕಂಡಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ. ಅವರ ರಾತ್ರಿಗಳ ಬಗ್ಗೆ ಒಮ್ಮೆ ಕೇಳಿ ನೋಡಬೇಕು, ಅಲ್ವಾ?

ನೆಗಡಿಯ ಮೇಲೂ ಇಂಥದೇ ಅಧ್ಯಯನ ಆಗಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು 153 ಜನರ ನಿದ್ದೆಯ ವಿವರ ಎರಡು ವಾರ ಬರೆದಿಟ್ಟುಕೊಂಡು, ಆಮೇಲೆ ಅವರ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿದರು. 2009ರಲ್ಲಿ ಇದರ ಫಲಿತಾಂಶ ಬಂತು. ಏಳು ಗಂಟೆಗಿಂತ ಕಡಿಮೆ ಮಲಗುವವರಿಗೆ ಎಂಟು ಗಂಟೆ ಅಥವಾ ಹೆಚ್ಚು ಮಲಗುವವರಿಗಿಂತ ನೆಗಡಿಯ ಸಾಧ್ಯತೆ ಸುಮಾರು ಮೂರು ಪಟ್ಟು. ಆದರೆ ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿಜಕ್ಕೂ ನಿದ್ದೆ ಮಾಡಿದ್ದು 92 ಶೇಕಡಕ್ಕಿಂತ ಕಡಿಮೆ ಇದ್ದವರಿಗೆ, 98 ಶೇಕಡಾ ದಾಟಿದವರಿಗಿಂತ ಅದು ಐದೂವರೆ ಪಟ್ಟು. ಎಂಟು ಗಂಟೆ ಮಲಗುವವರಲ್ಲಿ 8 ಶೇಕಡಾ ಅಂದರೆ ಸುಮಾರು 40 ನಿಮಿಷದ ಎಚ್ಚರ. ಬಹಳ ಜನ ಅದನ್ನು ತೊಂದರೆ ಅಂತ ಹೇಳುವುದೂ ಇಲ್ಲ.

ಈಗ ನಾನು ದಿನಾ ನೋಡುವ ವಿಷಯಕ್ಕೆ ಬರುತ್ತೇನೆ, ಗೊರಕೆ ಮತ್ತು ಉಸಿರುಕಟ್ಟು.

ನಲವತ್ತು ದಾಟಿದ ಒಬ್ಬರು ಬಂದಿದ್ದರು. ಬಿಪಿಗೆ ಮೂರು ಮಾತ್ರೆ, ಆದರೂ ಇಳಿದಿಲ್ಲ. ನಿದ್ದೆ ಚೆನ್ನಾಗಿದೆ, ಮಲಗಿದ ಕೂಡಲೇ ಬರುತ್ತದೆ ಅಂದರು. ಪಕ್ಕದಲ್ಲಿದ್ದ ಅವರ ಮನೆಯವರು ಸುಮ್ನಿರಲಿಲ್ಲ. "ಇವರ ಗೊರಕೆ ನನಗೆ ಅಭ್ಯಾಸ ಆಗ್ಬಿಟ್ಟಿದೆ ಡಾಕ್ಟ್ರೇ. ಅದು ನಿಂತಾಗ್ಲೇ ಭಯ ಆಗೋದು." ಆ ಒಂದು ಮಾತು ಸಾಕಾಗಿತ್ತು. ಸ್ಲೀಪ್ ಸ್ಟಡಿ ಮಾಡಿಸಿದೆವು.

ಆ ವರದಿಯ ಒಂದು ಪುಟ ಹೇಗಿರುತ್ತದೆ ಎಂದು ಹೇಳುತ್ತೇನೆ. ಮೇಲೆ ಮೆದುಳಿನ ಅಲೆಗಳ ಗೆರೆ. ಅದರ ಕೆಳಗೆ ಮೂಗಿನ ಗಾಳಿಯ ಗೆರೆ, ಎದೆಗೆ ಕಟ್ಟಿದ ಪಟ್ಟಿಯ ಗೆರೆ, ಕೊನೆಗೆ ರಕ್ತದಲ್ಲಿನ ಆಮ್ಲಜನಕದ ಗೆರೆ. ಗಾಳಿಯ ಗೆರೆ ಏರಿಳಿಯುತ್ತಾ ಹೋಗಿ ಇದ್ದಕ್ಕಿದ್ದಂತೆ ಮಟ್ಟಸವಾಗುತ್ತದೆ. ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. ಆದರೆ ಎದೆಯ ಗೆರೆ ನಿಂತಿಲ್ಲ. ಎದೆ ಎಳೆಯುತ್ತಲೇ ಇದೆ, ಗಾಳಿ ಒಳಗೆ ಹೋಗುತ್ತಿಲ್ಲ. ತುಸು ಹೊತ್ತಿಗೆ ಆಮ್ಲಜನಕ 95ರಿಂದ 80ರ ಕಡೆಗೆ ಜಾರುತ್ತದೆ. ಆಗ ಮೆದುಳಿನ ಗೆರೆ ಒಮ್ಮೆಲೇ ದಟ್ಟವಾಗುತ್ತದೆ. ಕೆಲವೇ ಸೆಕೆಂಡಿನ ಎಚ್ಚರ ಅದು. ಗಂಟಲು ತೆರೆಯುತ್ತದೆ, ಗೊರ್ ಎಂದು ಉಸಿರು ನುಗ್ಗುತ್ತದೆ, ಹೃದಯ ದಡದಡ ಬಡಿದು ಬಿಪಿ ಚಿಮ್ಮುತ್ತದೆ. ಮತ್ತೆ ನಿದ್ದೆ. ಒಂದೆರಡು ನಿಮಿಷಕ್ಕೆ ಮತ್ತದೇ ಕತೆ. ಅವರಿಗೆ ಇದು ಗಂಟೆಗೆ ಸರಾಸರಿ 38 ಸಲ ಆಗುತ್ತಿತ್ತು. ಬೆಳಿಗ್ಗೆ ಕೇಳಿದರೆ ಒಂದು ಸಲ ಎದ್ದದ್ದೂ ನೆನಪಿಲ್ಲ.

ಗಂಟೆಗೆ ಐದಕ್ಕಿಂತ ಕಡಿಮೆ ಇದ್ದರೆ ದೊಡ್ಡವರಲ್ಲಿ ಸಹಜ ಎನ್ನುತ್ತೇವೆ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಇದಕ್ಕೆ ಸ್ಲೀಪ್ ಅಪ್ನಿಯ ಎಂದು ಹೆಸರು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ದಾರಿ ಮೊದಲೇ ಕಿರಿದಾಗಿದ್ದರೆ, ಮೆತ್ತನೆಯ ಕೊಳವೆಯನ್ನು ಒಂದು ತುದಿಯಿಂದ ಜೋರಾಗಿ ಹೀರಿದಾಗ ಅದು ಒಳಕ್ಕೆ ಅಂಟಿಕೊಳ್ಳುವಂತೆ ಗಂಟಲು ಮುಚ್ಚಿಕೊಳ್ಳುತ್ತದೆ.

ಸಾಮಾನ್ಯವಾಗಿ ರಾತ್ರಿ ಬಿಪಿ ಹಗಲಿಗಿಂತ 10ರಿಂದ 20 ಶೇಕಡಾ ಇಳಿಯಬೇಕು. ರಕ್ತನಾಳಗಳಿಗೆ ಸಿಗುವ ಬಿಡುವು ಅದೊಂದೇ. ಉಸಿರುಕಟ್ಟುವವರಲ್ಲಿ ಆ ಇಳಿತ ಎಷ್ಟೋ ಸಲ ಇರುವುದೇ ಇಲ್ಲ. ಮಾತ್ರೆಗೆ ಬಗ್ಗದ ಬಿಪಿ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು ಇವೆಲ್ಲ ಇವರಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದಕ್ಕೂ ಇದರ ಸಂಬಂಧವಿದೆ ಎಂದರೆ ಜನ ನಂಬುವುದಿಲ್ಲ. ಮುಚ್ಚಿದ ಗಂಟಲಿನ ಎದುರು ಎದೆ ಎಳೆದಾಡುವಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ರಕ್ತ ಜಾಸ್ತಿಯಾಯಿತು ಎಂದು ತಪ್ಪು ತಿಳಿದು ಹೃದಯ ಒಂದು ಹಾರ್ಮೋನು ಬಿಡುತ್ತದೆ. ಅದು ಮೂತ್ರ ಹೆಚ್ಚಿಸುತ್ತದೆ. ಪ್ರಾಸ್ಟೇಟ್‌ಗೆಂದು ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿ ಕೆಲವರ ನಿಜವಾದ ತೊಂದರೆ ಗಂಟಲಲ್ಲಿರುತ್ತದೆ.

ದಪ್ಪ ಇರುವವರಿಗೆ ಮಾತ್ರ ಇದು ಬರುತ್ತದೆ ಎನ್ನುವುದು ಸರಿಯಲ್ಲ. ತೂಕ ದೊಡ್ಡ ಕಾರಣ, ನಿಜ. ಆದರೆ ದವಡೆ ಚಿಕ್ಕದಿದ್ದರೆ ತೆಳ್ಳಗಿನವರಿಗೂ ಬರುತ್ತದೆ. ಮಕ್ಕಳಲ್ಲಿ ಟಾನ್ಸಿಲ್ ದೊಡ್ಡದಾಗಿ ಬರುತ್ತದೆ. ಆ ಮಕ್ಕಳು ಹಗಲು ತೂಕಡಿಸುವುದಕ್ಕಿಂತ ಹೆಚ್ಚಾಗಿ ಕೂತಲ್ಲಿ ಕೂರುವುದಿಲ್ಲ, ಪಾಠದಲ್ಲಿ ಗಮನವಿಲ್ಲ ಎಂಬ ದೂರು ಹೊತ್ತು ಬರುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಇದು ಏರುತ್ತದೆ. ಅವರು ಗೊರಕೆಯ ಮಾತೇ ಎತ್ತುವುದಿಲ್ಲ. "ನಿದ್ದೆ ಬರಲ್ಲ, ಸುಸ್ತು, ಬೇಜಾರು" ಅನ್ನುತ್ತಾರೆ. ಅಷ್ಟು ಕೇಳಿ ನಿದ್ದೆ ಮಾತ್ರೆ ಬರೆದುಬಿಟ್ಟರೆ ಕೆಲವರಲ್ಲಿ ಉಸಿರುಕಟ್ಟು ಇನ್ನೂ ಕೆಡುತ್ತದೆ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಚಿಕಿತ್ಸೆ ಇದೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ರೂಪಿಸಿದ ಸಿಪ್ಯಾಪ್ ಯಂತ್ರ ಈಗಲೂ ಮುಖ್ಯ ದಾರಿ. ಮೂಗಿಗೆ ಹಾಕಿದ ಮಾಸ್ಕ್ ಮೂಲಕ ಮೆಲ್ಲಗೆ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುತ್ತದೆ. ಹಗಲಿನ ಮಂಪರು ಚೆನ್ನಾಗಿ ಕಡಿಮೆಯಾಗುತ್ತದೆ. ಬಿಪಿಯೂ ತುಸು ಇಳಿಯುತ್ತದೆ. ಹೃದಯಾಘಾತ ತಪ್ಪುತ್ತದೆ ಎಂದು ಮಾತ್ರ ನಾನು ಯಾರಿಗೂ ಮಾತು ಕೊಡುವುದಿಲ್ಲ. ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,717 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಸಾಬೀತಾಗಲಿಲ್ಲ. ಆ ಜನ ಯಂತ್ರವನ್ನು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಹಾಕಿದ್ದರು ಎಂಬುದನ್ನೂ ಮರೆಯಬಾರದು. ತೂಕ ಇಳಿಸುವುದು, ಅಂಗಾತ ಬಿಟ್ಟು ಮಗ್ಗುಲಲ್ಲಿ ಮಲಗುವುದು, ಸಂಜೆ ಮದ್ಯ ಬಿಡುವುದು, ಕೆಲವರಿಗೆ ದವಡೆ ಮುಂದೆ ಹಿಡಿಯುವ ಹಲ್ಲಿನ ಸಾಧನ, ಇವೂ ಕೆಲಸ ಮಾಡುತ್ತವೆ.

ನಿದ್ದೆ ಕೆಟ್ಟರೆ ಕಾಯಿಲೆ ಬರುವಂತೆ ಕಾಯಿಲೆಯೂ ನಿದ್ದೆ ಕೆಡಿಸುತ್ತದೆ. ಮಂಡಿನೋವು ರಾತ್ರಿ ಎಬ್ಬಿಸುತ್ತದೆ. ಮಾರನೇ ದಿನ ನೋವು ತಾಳುವ ಶಕ್ತಿ ಕುಗ್ಗಿ ಅದೇ ನೋವು ಜಾಸ್ತಿ ಅನಿಸುತ್ತದೆ. ಖಿನ್ನತೆಯಲ್ಲಿ ಬೆಳಗಿನ ಜಾವವೇ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚುವುದಿಲ್ಲ. ಆಸ್ತಮಾ, ಎದೆಯುರಿ, ಥೈರಾಯ್ಡ್, ಹೀಗೆ ಪಟ್ಟಿ ಉದ್ದವಿದೆ. ಕೆಲವೊಮ್ಮೆ ಮದ್ದೇ ಕಾರಣ. ನೀರಿಳಿಸುವ ಮಾತ್ರೆಯನ್ನು ಸಂಜೆ ನುಂಗಿದರೆ ರಾತ್ರಿಯೆಲ್ಲ ಓಡಾಟ. ಸ್ಟೆರಾಯ್ಡ್ ಮಾತ್ರೆಯನ್ನು ತಡವಾಗಿ ತೆಗೆದುಕೊಂಡರೆ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಹೊತ್ತು ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ. ಮಲಗಿದ ಕೂಡಲೇ ಕಾಲು ಜುಮುಗುಟ್ಟಿ, ಅಲ್ಲಾಡಿಸದೆ ಇರಲಾಗದು ಎನ್ನುವವರ ರಕ್ತದಲ್ಲಿ ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನಿನ ಅಳತೆ, ನೋಡಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಮೈಯಲ್ಲಿ ಕಬ್ಬಿಣದ ದಾಸ್ತಾನು ಕರಗಿರಬಹುದು. ಅದನ್ನು ತುಂಬಿಕೊಟ್ಟರೆ ಎಷ್ಟೋ ಜನರ ಕಾಲು ಸುಮ್ಮನಾಗುತ್ತದೆ.

ಇನ್ನು ನಿದ್ದೆಯೇ ಬಾರದವರು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗಾದರೆ ಅದು ದೀರ್ಘಕಾಲದ ನಿದ್ರಾಹೀನತೆ. ಇವರು ಮಾಡುವ ಮೊದಲ ಕೆಲಸ ಬೇಗ ಹೋಗಿ ಮಲಗುವುದು. ನಿದ್ದೆ ಐದೂವರೆ ಗಂಟೆ, ಹಾಸಿಗೆಯಲ್ಲಿ ಒಂಬತ್ತು ಗಂಟೆ. ಉಳಿದ ಹೊತ್ತು ಹೊರಳಾಟ, ಚಿಂತೆ, ಗಡಿಯಾರ ನೋಡುವುದು. ಹೀಗೇ ನಡೆದರೆ ಹಾಸಿಗೆ ಕಂಡರೇ ಮನಸ್ಸು ಎಚ್ಚರವಾಗುತ್ತದೆ. ಚಿಕಿತ್ಸೆ ಇದಕ್ಕೆ ತಿರುವುಮುರುವು. ಹಾಸಿಗೆಯಲ್ಲಿರುವ ಹೊತ್ತನ್ನು ಮೊದಲು ಕಡಿಮೆ ಮಾಡುತ್ತೇವೆ, ನಿದ್ದೆ ಗಟ್ಟಿಯಾದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತೇವೆ. ಏಳುವ ಹೊತ್ತು ದಿನವೂ ಒಂದೇ. ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂರುವುದು, ಕಣ್ಣು ಎಳೆದಾಗಲೇ ಮರಳುವುದು. ಮೊದಲ ಒಂದೆರಡು ವಾರ ಕಷ್ಟ. ಅಪಸ್ಮಾರ, ಬೈಪೋಲಾರ್ ಇರುವವರು, ವಾಹನ ಓಡಿಸುವ ಕೆಲಸದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ನಡವಳಿಕೆ ಚಿಕಿತ್ಸೆಯನ್ನೇ ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಘಟನೆ ಎಸಿಪಿ 2016ರಲ್ಲಿ ಹೇಳಿತು. ನನ್ನ ಅನುಭವವೂ ಅದೇ. ನಿದ್ದೆ ಮಾತ್ರೆಗೆ ಮೈ ಒಗ್ಗಿಹೋಗುತ್ತದೆ, ವಯಸ್ಸಾದವರು ರಾತ್ರಿ ಎದ್ದು ಬೀಳುತ್ತಾರೆ. ಹಾಗಂತ ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಬೇಡಿ. ಅದು ಅಪಾಯ.

"ಕಾಫಿ ಕುಡಿದು ಮಲಗಿದ್ರೂ ನನಗೆ ನಿದ್ದೆ ಬರತ್ತೆ" ಎನ್ನುವವರಿದ್ದಾರೆ. ಬರಬಹುದು. ಆದರೆ ಕುಡಿದ ಕೆಫೀನ್‌ನ ಅರ್ಧ ಭಾಗ ಸುಮಾರು ಐದು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ, ಗಾಢ ನಿದ್ದೆಯನ್ನು ತಿನ್ನುತ್ತದೆ. ಮದ್ಯ ಬೇಗ ನಿದ್ದೆ ಬರಿಸಿ ರಾತ್ರಿಯ ಎರಡನೇ ಭಾಗವನ್ನು ಚೂರುಚೂರು ಮಾಡುತ್ತದೆ. ಕೈಗಡಿಯಾರದಲ್ಲಿ ಬರುವ ಗಾಢ ನಿದ್ದೆಯ ಅಂಕಿ ನೋಡಿ ಗಾಬರಿಯಾಗಬೇಡಿ. ಅದು ಮೈಯ ಅಲುಗಾಟ ಮತ್ತು ನಾಡಿಯಿಂದ ಮಾಡಿದ ಅಂದಾಜು. ಮೆದುಳಿನ ಅಲೆ ಅದಕ್ಕೆ ಕಾಣುವುದಿಲ್ಲ.

ವೈದ್ಯರ ಬಳಿ ಹೋಗುವ ಮೊದಲು ಎರಡು ವಾರ ಒಂದು ಹಾಳೆಯಲ್ಲಿ ಬರೆದಿಡಿ. ಎಷ್ಟಕ್ಕೆ ಮಲಗಿದಿರಿ, ಅಂದಾಜು ಎಷ್ಟಕ್ಕೆ ನಿದ್ದೆ ಬಂತು, ಎಷ್ಟು ಸಲ ಎದ್ದಿರಿ, ಬೆಳಿಗ್ಗೆ ಹೇಗನಿಸಿತು, ಹಗಲು ಎಲ್ಲಿ ತೂಕಡಿಸಿದಿರಿ. ಪಕ್ಕದಲ್ಲಿ ಮಲಗುವವರಿದ್ದರೆ ನಿಮ್ಮ ಗೊರಕೆಯನ್ನು ಒಂದೆರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಲಿ. ಸಾಧ್ಯವಾದರೆ ಅವರನ್ನೂ ಕರೆತನ್ನಿ. ಆದರೆ ವಾಹನ ಓಡಿಸುವಾಗ ಕಣ್ಣು ಎಳೆಯುತ್ತಿದ್ದರೆ ಎರಡು ವಾರ ಕಾಯಬೇಡಿ. ಬೇಗ ಹೋಗಿ ತೋರಿಸಿ, ಚಿಕಿತ್ಸೆ ಶುರುವಾಗಿ ಮಂಪರು ಹೋಗುವವರೆಗೆ ಓಡಿಸುವ ಕೆಲಸವನ್ನು ಬೇರೆಯವರಿಗೆ ಬಿಡಿ.