ಗ್ಯಾರೇಜಿನಲ್ಲಿ ಸಾಮಾನು, ಬಿಸಿಲಲ್ಲಿ ಕಾರು: ಅಮೆರಿಕದಲ್ಲಿ ಹೀಗೇಕೆ?

ಪ್ರಶ್ನೆ: ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆವು. ಅವರ ಬೀದಿಯಲ್ಲಿ ಎಲ್ಲ ಮನೆಗೂ ಎರಡು ಕಾರು ಹಿಡಿಯುವ ಗ್ಯಾರೇಜ್ ಇದೆ. ಆದರೆ ಕಾರುಗಳೆಲ್ಲ ಹೊರಗೆ. ಒಳಗೆ ರಟ್ಟಿನ ಡಬ್ಬ, ಹಳೇ ಸೋಫಾ, ಮಕ್ಕಳು ಬಿಟ್ಟ ಸೈಕಲ್. ಅಷ್ಟು ದುಡ್ಡು ಕೊಟ್ಟ ಕಾರನ್ನು ಹೊರಗಿಟ್ಟು, ಗುಜರಿಗೆ ಹಾಕುವಂಥದ್ದನ್ನು ಒಳಗಿಟ್ಟು ಬೀಗ ಹಾಕುವುದು ಯಾವ ಲೆಕ್ಕ?

ಉತ್ತರ: ಅಮೆರಿಕಕ್ಕೆ ಹೋಗಿ ಬಂದ ಅಪ್ಪ ಅಮ್ಮಂದಿರಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ನೀವು ನೋಡಿದ್ದು ಒಂದು ಬೀದಿಯ ಕಥೆಯಲ್ಲ. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರವರೆಗೆ ಅದೇ ಊರಿನ 32 ಕುಟುಂಬಗಳ ಮನೆಯೊಳಗೆ ಹೊಕ್ಕು, ಕೋಣೆ ಕೋಣೆಯ ಫೋಟೊ ತೆಗೆದು, ಸಾಮಾನು ಎಣಿಸಿದರು. ಗಂಡ ಹೆಂಡತಿ ಇಬ್ಬರೂ ದುಡಿಯುವ, ಮಕ್ಕಳಿರುವ ಮಧ್ಯಮ ವರ್ಗದ ಮನೆಗಳವು. ಅವರ ಪ್ರತಿ ನಾಲ್ಕು ಗ್ಯಾರೇಜ್‌ಗಳಲ್ಲಿ ಮೂರರಲ್ಲಿ ಕಾರಿಗೆ ಜಾಗವೇ ಇರಲಿಲ್ಲ. 32 ಮನೆ ನೋಡಿ ಇಡೀ ಅಮೆರಿಕ ಹೀಗೇ ಅನ್ನಲು ಬರುವುದಿಲ್ಲ, ನಿಜ. ಆದರೆ ಅಲ್ಲಿನ ಇಂಧನ ಇಲಾಖೆಯ ಹಳೆಯ ಸಮೀಕ್ಷೆಯೊಂದರಲ್ಲೂ, ಎರಡು ಕಾರಿನ ಗ್ಯಾರೇಜ್ ಇದ್ದವರಲ್ಲಿ ಕಾಲು ಭಾಗ ಜನ ಒಂದು ಕಾರನ್ನೂ ಒಳಗೆ ನಿಲ್ಲಿಸುತ್ತಿರಲಿಲ್ಲ. ಮೂರನೇ ಒಂದು ಭಾಗದಷ್ಟು ಜನ ಒಂದನ್ನು ಮಾತ್ರ ನಿಲ್ಲಿಸುತ್ತಿದ್ದರು.

ಮನೆ ಚಿಕ್ಕದು, ಅದಕ್ಕೇ ಸಾಮಾನು ಹೊರಗೆ ಬಂತು ಅನ್ನೋಣವೇ? ಹಾಗೂ ಇಲ್ಲ. ಅಮೆರಿಕದಲ್ಲಿ ಹೊಸದಾಗಿ ಕಟ್ಟಿದ ಮನೆ 1973ರಲ್ಲಿ ಸರಾಸರಿ 1,660 ಚದರಡಿ ಇತ್ತು. 2015ರ ಹೊತ್ತಿಗೆ ಅದು 2,600 ದಾಟಿತು. ಅದೇ ಅವಧಿಯಲ್ಲಿ ಮನೆಯಲ್ಲಿರುವ ಜನ ಸರಾಸರಿ ಮೂರರಿಂದ ಎರಡೂವರೆಗೆ ಇಳಿದರು. ಜನ ಕಡಿಮೆ, ಜಾಗ ಜಾಸ್ತಿ, ಆದರೂ ಗ್ಯಾರೇಜ್ ತುಂಬಿತು.

ಕ್ಯಾಲಿಫೋರ್ನಿಯಾದಲ್ಲಿ ಇದು ಎದ್ದು ಕಾಣುವುದಕ್ಕೆ ನೆಲವೂ ಒಂದು ಕಾರಣ. ಚಳಿ ಹೆಚ್ಚಿರುವ ಮಿನೆಸೋಟದಂಥ ರಾಜ್ಯಗಳಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಪಾಯವನ್ನೇ ಎತ್ತಿಬಿಡುತ್ತದೆ. ಹಾಗಾಗಿ ಆ ಹೆಪ್ಪು ತಲುಪದ ಮೂರೂವರೆಯಿಂದ ಐದು ಅಡಿ ಆಳಕ್ಕೆ ಪಾಯ ಹಾಕಲೇಬೇಕು. ಅಷ್ಟು ಅಗೆದ ಮೇಲೆ ಇನ್ನೊಂದಿಷ್ಟು ಅಗೆದರೆ ಬೇಸ್‌ಮೆಂಟ್ ಸಿಕ್ಕಿತು. ಬೇಡದ್ದೆಲ್ಲ ಅಲ್ಲಿಗೆ ಇಳಿಯುತ್ತದೆ. ಲಾಸ್ ಏಂಜಲಿಸ್‌ನಲ್ಲಿ ಆ ಚಳಿ ಇಲ್ಲ. ಹೆಚ್ಚಿನ ಮನೆಗಳಿಗೆ ಬೇಸ್‌ಮೆಂಟೂ ಇಲ್ಲ. ಸೂರಿಗೆ ತಾಗಿದ ಅಟ್ಟದಂಥ ಜಾಗ ಬೇಸಿಗೆಯಲ್ಲಿ ಕಾದ ಹಂಚು. ಉಳಿದದ್ದು ಗ್ಯಾರೇಜ್ ಒಂದೇ. ಮೇಲಾಗಿ ಅಲ್ಲಿ ಕಾರು ವರ್ಷವಿಡೀ ಹೊರಗೆ ನಿಂತರೂ ದೊಡ್ಡ ತೊಂದರೆ ಇಲ್ಲ, ಬಣ್ಣ ಸ್ವಲ್ಪ ಮಾಸಬಹುದು ಅಷ್ಟೇ. ಮಿನೆಸೋಟದಲ್ಲಿ ಜನವರಿಯ ಬೆಳಿಗ್ಗೆ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತಾ ನಿಲ್ಲಬೇಕಾದರೆ ಯಾರಾದರೂ ಗ್ಯಾರೇಜ್ ಖಾಲಿ ಮಾಡಿಯಾರು.

ಇನ್ನು ನಿಮ್ಮ ಲೆಕ್ಕದ ಮಾತು. ನನ್ನನ್ನು ಕೇಳಿದರೆ ಆ ಲೆಕ್ಕ ಅಷ್ಟೇನೂ ತಪ್ಪಿಲ್ಲ. ಮನೆಯ ಸಾಮಾನಿನಲ್ಲಿ ಮಳೆ ಬಿಸಿಲು ತಡೆಯುವಂತೆ ಮಾಡಿರುವುದು ಕಾರು ಮಾತ್ರ. ಅದನ್ನು ಮನೆ ಮುಂದೆ ನಿಲ್ಲಿಸಲು ಬಹಳಷ್ಟು ಬಡಾವಣೆಗಳಲ್ಲಿ ಒಂದು ಪೈಸೆ ಕೊಡಬೇಕಿಲ್ಲ. ಅದೇ ಸೋಫಾವನ್ನು ರಸ್ತೆಯಲ್ಲಿಟ್ಟರೆ ದಂಡ ಬೀಳುತ್ತದೆ. ಬಾಡಿಗೆ ಗೋದಾಮಿನಲ್ಲಿಟ್ಟರೆ ಹತ್ತಡಿ ಹತ್ತಡಿ ಕೋಣೆಗೆ ಅಲ್ಲಿ ತಿಂಗಳಿಗೆ ನೂರು ಡಾಲರ್ ದಾಟುವುದು ಸಾಮಾನ್ಯ. ಇಂಥ ಗೋದಾಮುಗಳು ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚಿವೆ ಅಂದರೆ, ಸಾಮಾನಿಡುವ ಜಾಗಕ್ಕೆ ಎಷ್ಟು ಬೇಡಿಕೆ ಇದೆ ನೋಡಿ. ಪುಕ್ಕಟೆ ಜಾಗದಲ್ಲಿ ನಿಲ್ಲಬಲ್ಲದ್ದು ಹೊರಗೆ ಹೋಯಿತು, ನಿಲ್ಲಲಾರದ್ದು ಒಳಗೆ ಬಂತು. ತಮಾಷೆ ಏನೆಂದರೆ, ಮನೆಗೆ ಎರಡು ಕಾರಿನ ಮುಚ್ಚಿದ ಜಾಗ ಇರಲೇಬೇಕು ಅಂತ ಹಟ ಹಿಡಿದದ್ದು ಲಾಸ್ ಏಂಜಲಿಸ್‌ನಂಥ ಊರುಗಳ ಕಟ್ಟಡ ನಿಯಮಗಳೇ. ಕಾರಿಗೆಂದು ಸರ್ಕಾರ ಕಟ್ಟಿಸಿದ ಜಾಗವನ್ನು ಜನ ತಮಗೆ ಬೇಕಾದ್ದಕ್ಕೆ ಬಳಸಿಕೊಂಡರು.

ಆದರೆ ಸಾಮಾನು ಅಷ್ಟೊಂದು ಸೇರುವುದು ಯಾಕೆ? ಕೊಳ್ಳುವ ಚಟ ಅಂತ ಬೈದು ಮುಗಿಸುವುದು ಸುಲಭ. ಕೊಳ್ಳುವುದು ನಿಜವೇ. ಕಾಸ್ಟ್‌ಕೊದಂಥ ಅಂಗಡಿಯಲ್ಲಿ ಟಿಶ್ಯೂ ಪೇಪರನ್ನೂ ಮೂಟೆ ಲೆಕ್ಕದಲ್ಲಿ ತರುತ್ತಾರೆ. ಸುಮಾರು ಮೂರನೇ ಒಂದು ಭಾಗ ಮನೆಗಳಲ್ಲಿ ಎರಡನೇ ಫ್ರಿಜ್ ಇದೆ, ಅದು ಎಷ್ಟೋ ಕಡೆ ಗ್ಯಾರೇಜಿನಲ್ಲೇ ಇರುತ್ತದೆ. ಆದರೂ ನನಗೆ ಮುಖ್ಯ ಅನಿಸುವುದು ಒಳಗೆ ಬರುವ ದಾರಿಯಲ್ಲ, ಹೊರಗೆ ಹೋಗುವ ದಾರಿ. ನಮ್ಮಲ್ಲಿ ಗುಜರಿಯವನು ಬಾಗಿಲಿಗೇ ಬಂದು, ತೂಕ ಮಾಡಿ, ದುಡ್ಡು ಕೊಟ್ಟು ಒಯ್ಯುತ್ತಾನೆ. ಮುರಿದ ಮಿಕ್ಸಿ, ತುಕ್ಕು ಹಿಡಿದ ಮಂಚ, ಹಳೇ ಪೇಪರ್ ಎಲ್ಲಕ್ಕೂ ಒಂದು ಬೆಲೆ ಇದೆ. ಅಲ್ಲಿ ತಿರುಗಾಮುರುಗ. ದಾನ ಕೊಡಬೇಕಾದರೂ ಸಾಮಾನ್ಯವಾಗಿ ನೀವೇ ಹೇರಿಕೊಂಡು, ಹಳೇ ಸಾಮಾನು ದಾನ ಪಡೆದು ಮಾರುವ ಗುಡ್‌ವಿಲ್‌ನಂಥ ಅಂಗಡಿಗೆ ಹೋಗಬೇಕು, ಕಲೆಯಾದ ಹಾಸಿಗೆಯನ್ನು ಅವರೂ ಮುಟ್ಟುವುದಿಲ್ಲ. ಬಂದು ಒಯ್ಯಿರಿ ಅಂದರೆ ಎಷ್ಟೋ ಕಡೆ ನೀವೇ ದುಡ್ಡು ಕೊಡಬೇಕು. ಉಳಿದ ಪೇಂಟ್, ಹಳೇ ಬ್ಯಾಟರಿ, ಟ್ಯೂಬ್‌ಲೈಟನ್ನು ಕ್ಯಾಲಿಫೋರ್ನಿಯಾದಲ್ಲಿ ಮನೆಯ ಕಸದ ಡಬ್ಬಿಗೆ ಹಾಕುವಂತೆಯೇ ಇಲ್ಲ, ಅದಕ್ಕೆಂದೇ ಇರುವ ಕೇಂದ್ರಕ್ಕೆ ಒಯ್ಯಬೇಕು. ವಾರವೆಲ್ಲ ದುಡಿದ ಗಂಡ ಹೆಂಡತಿ ಶನಿವಾರ ಈ ಕೆಲಸಕ್ಕೆ ಕೂರುತ್ತಾರೆಯೇ? ಸದ್ಯಕ್ಕೆ ಗ್ಯಾರೇಜಿನಲ್ಲಿರಲಿ ಅನ್ನುತ್ತಾರೆ. ಆ ‘ಸದ್ಯಕ್ಕೆ’ ಹತ್ತು ವರ್ಷವಾಗುತ್ತದೆ.

ಇದರ ಭಾರ ಮನೆಯಲ್ಲಿ ಎಲ್ಲರಿಗೂ ಒಂದೇ ಅಲ್ಲ. ಅದೇ ಲಾಸ್ ಏಂಜಲಿಸ್ ಅಧ್ಯಯನದಲ್ಲಿ, ಮನೆ ತೋರಿಸುವಾಗ ‘ಅಯ್ಯೋ, ಎಲ್ಲಾ ಹರಡಿಕೊಂಡಿದೆ, ಮುಗಿಯೋದೇ ಇಲ್ಲ’ ಎಂಬ ಧಾಟಿಯಲ್ಲಿ ಮಾತಾಡಿದ ಹೆಂಗಸರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ದಿನ ಕಳೆದಂತೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. 2010ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಗಂಡಸರಲ್ಲಿ ಈ ನಂಟು ಅಷ್ಟಾಗಿ ಕಾಣಲಿಲ್ಲ. ಆಶ್ಚರ್ಯವೇನಿಲ್ಲ ಅಲ್ವಾ?

ನಮ್ಮವರ ಗ್ಯಾರೇಜ್ ಇನ್ನೂ ಒಂದು ಕೈ ಮೇಲು. ಭಾರತಕ್ಕೆ ಹೋಗಿ ಬರುವ ದೊಡ್ಡ ಸೂಟ್‌ಕೇಸುಗಳ ಸಾಲು ಅಲ್ಲೇ. ತಲೆಗೆರಡು, ಒಂದೊಂದಕ್ಕೆ 23 ಕಿಲೋ ಅನ್ನುವ ವಿಮಾನದ ಲೆಕ್ಕಕ್ಕೆ ಕೊಂಡವು. ಅಕ್ಕಿ ಚೀಲ, ದಸರಾ ಗೊಂಬೆಗಳ ಡಬ್ಬ, ಗಣೇಶನ ಮಂಟಪ. ಮನೆಯೊಳಗೆ ಕರಿದ ವಾಸನೆ ಕೂರಬಾರದು ಅಂತ ಗ್ಯಾರೇಜಿನಲ್ಲಿ ಒಂದು ಒಲೆ ಇಟ್ಟು ಅಲ್ಲೇ ಪೂರಿ, ಚಕ್ಕುಲಿ ಕರಿಯುವವರೂ ಇದ್ದಾರೆ. ಇದನ್ನೆಲ್ಲ ಬೇಡದ ಸಾಮಾನು ಅನ್ನಲಾಗುವುದಿಲ್ಲ. ನಮ್ಮ ಹಳೇ ಮನೆಗಳಲ್ಲಿ ಅಟ್ಟ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಗ್ಯಾರೇಜ್ ಮಾಡುತ್ತಿದೆ.

ಹಾಗಾದರೆ ಮಗಳಿಗೆ ಖಾಲಿ ಮಾಡು ಅನ್ನಬೇಕೇ? ಮೊದಲು ಅವರ ಬಡಾವಣೆಯ ಸಂಘದ ನಿಯಮ ಕೇಳಿ. ಕೆಲವು ಸಂಘಗಳು ಗ್ಯಾರೇಜ್ ಕಾರಿಗೇ ಇರಬೇಕು ಅನ್ನುತ್ತವೆ, ನೋಟಿಸ್ ಕೊಟ್ಟು ದಂಡವನ್ನೂ ಹಾಕುತ್ತವೆ. ಲಾಸ್ ಏಂಜಲಿಸ್ ಪಕ್ಕದ ಪ್ಯಾಸಡೀನಾ ಊರಿನಲ್ಲಿ ಪರ್ಮಿಟ್ ಇಲ್ಲದೆ ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ಕಾರನ್ನು ರಸ್ತೆಯಲ್ಲಿ ಬಿಡುವಂತಿಲ್ಲ. ಇಂಥ ಕಟ್ಟು ಇಲ್ಲದಿದ್ದರೆ ಪೂರ್ತಿ ಖಾಲಿ ಮಾಡಿಸುವ ಹಟ ಬೇಡ. ಒಂದು ಕಾರಿನ ಜಾಗ ಬಿಡಿಸಿದರೂ ಸಾಕು. ಅದಕ್ಕೂ ಮೊದಲು ಟೇಪ್ ಹಿಡಿದು ಅಳೆಯಿರಿ. ಸಾಮಾನ್ಯ ಗ್ಯಾರೇಜಿನ ಆಳ 20 ಅಡಿ. ನಾಲ್ಕು ಬಾಗಿಲಿನ ಫೋರ್ಡ್ ಎಫ್-150 ಪಿಕಪ್ಪಿನ ಉದ್ದವೇ ಸುಮಾರು 19 ಅಡಿ. ಗೋಡೆಗೆ ಒಂದು ಕಪಾಟು ಇದ್ದರೂ ಬಾಗಿಲು ಮುಚ್ಚುವುದಿಲ್ಲ.

ಸಾಮಾನು ಅಲ್ಲೇ ಇರುವುದಾದರೆ ಎರಡು ವಿಷಯ ಮಾತ್ರ ಗಟ್ಟಿಯಾಗಿ ಹೇಳಿ ಬನ್ನಿ. ಕ್ಯಾಲಿಫೋರ್ನಿಯಾದ ಎಷ್ಟೋ ಮನೆಗಳಲ್ಲಿ ಗ್ಯಾಸಿನ ವಾಟರ್ ಹೀಟರ್ ಗ್ಯಾರೇಜಿನಲ್ಲೇ ಇರುತ್ತದೆ. ಅದರ ಹತ್ತಿರ ರಟ್ಟಿನ ಡಬ್ಬ, ಪೇಂಟ್, ಪೆಟ್ರೋಲ್ ಕ್ಯಾನ್ ಪೇರಿಸಬಾರದು. ಇನ್ನೊಂದು, ಹೊರಗೆ ನಿಂತ ಕಾರಿನಲ್ಲಿ ಗ್ಯಾರೇಜಿನ ರಿಮೋಟ್ ಬಿಡಬಾರದು. ಕಾರಿನ ಗಾಜು ಒಡೆದವನು ಅದೇ ಬಟನ್ ಒತ್ತಿ ಗ್ಯಾರೇಜಿಗೆ, ಅಲ್ಲಿಂದ ಅಡುಗೆ ಮನೆಗೆ ಬರುತ್ತಾನೆ. ಗ್ಯಾರೇಜಿನಿಂದ ಮನೆಯೊಳಗೆ ಹೋಗುವ ಬಾಗಿಲಿಗೂ ರಾತ್ರಿ ಬೀಗ ಹಾಕುವುದನ್ನು ಅಳಿಯನಿಗೆ ನೆನಪಿಸಿ.