ಹಳೆ ಬಟ್ಟೆಯ ಮೂಟೆ ಬೇಡ, ಸಿಸ್ಟರ್

ಆಗಸ್ಟ್ ಹತ್ತಿರವಾದಂತೆ ಉಡುಪಿ, ಮಂಗಳೂರು ಕಡೆಯ ಕಾನ್ವೆಂಟ್ ಹೈಸ್ಕೂಲುಗಳಿಂದ ನನಗೆ ಫೋನ್ ಬರತೊಡಗುತ್ತದೆ. ಪ್ರಶ್ನೆ ಪ್ರತಿವರ್ಷ ಒಂದೇ. "ಒಂಬತ್ತನೆಯ ತರಗತಿಯವರು ಹಳೆ ಬಟ್ಟೆ, ಅಕ್ಕಿ ಕೂಡಿಸಿದ್ದಾರೆ. ಯಾವ ಕೊರಗರ ಕಾಲನಿಗೆ ಒಯ್ಯೋಣ?" ಕರಾವಳಿಯ ಬುಡಕಟ್ಟು ಜನರಾದ ಕೊರಗರ ನಡುವೆ ಹದಿನೆಂಟು ವರ್ಷ ಸಮಾಜಕಾರ್ಯ ಮಾಡಿರುವ ನನ್ನ ಉತ್ತರವೂ ಒಂದೇ: ಮಕ್ಕಳನ್ನು ಕರೆತನ್ನಿ, ಮೂಟೆಯನ್ನು ಶಾಲೆಯಲ್ಲೇ ಬಿಡಿ.

ಕೇಳಿದವರು ನೊಂದುಕೊಳ್ಳುತ್ತಾರೆ. ಒಬ್ಬ ಸಿಸ್ಟರ್ ಬೈಬಲಿನ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯವನ್ನೇ ಮುಂದಿಟ್ಟರು. ಬಟ್ಟೆ ಇಲ್ಲದವನಿಗೆ ಉಡಿಸಿದ್ದು ನನಗೇ ಉಡಿಸಿದಂತೆ ಎಂದು ಪ್ರಭು ಯೇಸು ಹೇಳಿಲ್ಲವೇ? ಹೇಳಿದ್ದಾರೆ. ಆದರೆ ಇಲ್ಲಿ ಬಟ್ಟೆಗೆ ಒಂದು ಚರಿತ್ರೆ ಇದೆ. ಬ್ರಿಟಿಷರ ಕಾಲದ ದಾಖಲೆಗಳು ಕೊರಗರನ್ನು ಸಪ್ಪು, ಅಂಡೆ, ವಸ್ತ್ರ ಎಂದು ವಿಂಗಡಿಸುತ್ತವೆ. ಸೊಪ್ಪು ಉಡುತ್ತಿದ್ದವರು ಸಪ್ಪು ಕೊರಗರು. ಉಗುಳು ನೆಲಕ್ಕೆ ಬೀಳಬಾರದೆಂದು ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಾಗಿದ್ದವರು ಅಂಡೆ ಕೊರಗರು. ಹೆಣಕ್ಕೆ ಹೊದಿಸಿದ ಬಟ್ಟೆಯನ್ನು ದಾನವಾಗಿ ಪಡೆದು ಉಟ್ಟವರು ವಸ್ತ್ರ ಕೊರಗರು. ಬೇರೆಯವರು ಬಿಟ್ಟ ಬಟ್ಟೆ ಒಂದು ಜನಾಂಗಕ್ಕೆ ಗುರುತಾಗಿ ಅಂಟಿಕೊಂಡ ಕಡೆಗೆ ನಾವು ಮತ್ತೆ ಬಿಟ್ಟ ಬಟ್ಟೆಯನ್ನೇ ಒಯ್ಯುತ್ತೇವೆ, ಜೊತೆಗೆ ಫೋಟೊವನ್ನೂ ತೆಗೆಯುತ್ತೇವೆ.

ಆಹಾರದ ಪೊಟ್ಟಣವೂ ಹಾಗೆಯೇ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಪೀಡೆಯನ್ನು ಅವರಿಗೆ ದಾಟಿಸುವ ಅಜಲು ಪದ್ಧತಿ ಈ ನೆಲದ್ದೇ. ಕಂಬಳ ಶುರುವಾಗುವ ಮುನ್ನ ಅವರನ್ನು ಕೋಣಗಳಂತೆ ಓಡಿಸಿದ್ದೂ ಇಲ್ಲಿಯೇ. 2000ನೇ ಇಸವಿಯಲ್ಲಿ ರಾಜ್ಯ ಸರ್ಕಾರ ಕಾಯ್ದೆ ಮಾಡಿ ಇದನ್ನು ನಿಷೇಧಿಸಿತು. ಆ ಕಾಯ್ದೆಯ ಒಂದು ಅಂಶವನ್ನು ಮುಖ್ಯೋಪಾಧ್ಯಾಯರು ಗಮನಿಸಲೇಬೇಕು. ಕೊರಗರೆಂಬ ಭೇದದಿಂದ ಅವರ ಸೇವೆ ಪಡೆದು ಕೂಲಿ ಕೊಡದಿರುವುದು, ಬೇರೆಯವರಿಗಿಂತ ಕಡಿಮೆ ಕೊಡುವುದು ಕೂಡ ಅಜಲೇ. ಶಾಲಾ ವಾರ್ಷಿಕೋತ್ಸವದಲ್ಲಿ ಅತಿಥಿಗಳ ಮುಂದೆ ಡೋಲು ಬಾರಿಸಲು ಅವರನ್ನು ಕರೆಸಿ, ಊಟ ಹಾಕಿ ಕಳುಹಿಸಿದರೆ ಅದು ಈ ಕಾಯ್ದೆಯಡಿ ಬರುತ್ತದೆಯೇ ಎಂದು ತೀರ್ಪು ಹೇಳಲು ನಾನು ವಕೀಲನಲ್ಲ. ಆಯಾ ಸಂದರ್ಭ ನೋಡಿಯೇ ಹೇಳಬೇಕಾಗುತ್ತದೆ. ಆದರೆ ಭರತನಾಟ್ಯದ ಶಿಕ್ಷಕಿಗೆ ಲಕೋಟೆ, ಡೋಲಿನವನಿಗೆ ಊಟ ಎಂದರೆ ಮಕ್ಕಳು ಏನು ಕಲಿಯುತ್ತಾರೆ ಎಂಬುದನ್ನು ಹೇಳಲು ವಕೀಲನೇ ಬೇಕಾಗಿಲ್ಲ. ಛದ್ಮವೇಷ ಸ್ಪರ್ಧೆಯಲ್ಲಿ ಮುಖಕ್ಕೆ ಮಸಿ ಬಳಿದು ಕೊರಗ ವೇಷ ಹಾಕಿಸುವ ಮಾತನ್ನು ದಯವಿಟ್ಟು ನನ್ನ ಮುಂದೆ ಎತ್ತಲೇಬೇಡಿ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಬಸ್ಸಿನ ಜೊತೆ ನಾನೂ ಹೋಗಿದ್ದೆ. ಎಲ್ಲರೂ ಇಳಿದರು. ಒಬ್ಬ ಹುಡುಗ ಮಾತ್ರ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಅದು ಅವನ ಸೋದರಮಾವನ ಕಾಲನಿ. ಬೆಳಿಗ್ಗೆ ಅವನೂ ಎಲ್ಲರಂತೆ ಒಂದು ಕಿಲೋ ಅಕ್ಕಿ ತಂದು ಶಾಲೆಗೆ ಕೊಟ್ಟಿದ್ದ. ಸಹಪಾಠಿಗಳು ಅದೇ ಅಕ್ಕಿಯನ್ನು ಅವನ ಅತ್ತೆಯ ಕೈಗೆ ಕೊಡುವಾಗ ಚಪ್ಪಾಳೆ ಬಿತ್ತು. ಅವನು ಕೊರಗರ ಹುಡುಗನೆಂಬುದು ಶಿಕ್ಷಕರಿಗೆ ಗೊತ್ತಿರಲಿಲ್ಲ. ನಾನೂ ವಿಚಾರಿಸಿರಲಿಲ್ಲ. ಆ ತಪ್ಪು ನನ್ನದೂ ಹೌದು.

ಬಡತನ ಸುಳ್ಳಲ್ಲ. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಾಗಿರುವುದು ಜೇನುಕುರುಬರು ಮತ್ತು ಕೊರಗರು, ಈ ಎರಡೇ ಸಮುದಾಯಗಳು. ಅಪೌಷ್ಟಿಕತೆ ಇದೆ, ಭೂಮಿಯ ಪ್ರಶ್ನೆ ಇದೆ. ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದು ಕೊರಗರ ಸ್ಥಿತಿಗತಿ ಕುರಿತ ಮಹಮ್ಮದ್ ಪೀರ್ ವರದಿ ಹೇಳಿ ಮೂರು ದಶಕಗಳೇ ಕಳೆದವು. ಅದು ಮಕ್ಕಳ ಮೂಟೆಯಿಂದ ತೀರುವ ಲೆಕ್ಕವಲ್ಲ. ಆದರೆ ಆ ಲೆಕ್ಕವನ್ನು ಮಕ್ಕಳು ಕೊರಗರ ಬಾಯಿಂದಲೇ ಕೇಳಲಿ ಎಂಬುದು ನನ್ನ ಆಸೆ. ಆಗಸ್ಟ್ 18ರಂದು ಅವರು ಭೂಮಿ ಹಬ್ಬ ಆಚರಿಸುತ್ತಾರೆ. ಮೊದಲೇ ಹೋಗಿ, ಬರಬಹುದೇ ಎಂದು ಕೇಳಿ. ಬೇಡವೆಂದರೆ ಹಿಂದಿರುಗಿ. ಬನ್ನಿ ಎಂದರೆ ಹತ್ತು ಮಕ್ಕಳು ಸಾಕು, ಬಸ್ಸು ಬೇಡ. ಮತ್ತಾಯನ ಅದೇ ಅಧ್ಯಾಯದಲ್ಲಿ ಅಪರಿಚಿತನನ್ನು ಬರಮಾಡಿಕೊಂಡವರ ಮಾತೂ ಇದೆಯಲ್ಲ, ಸಿಸ್ಟರ್. ಆ ಅಂಗಳದಲ್ಲಿ ಅಪರಿಚಿತರು ನಾವು.

ಆ ಸಿಸ್ಟರ್ ಮರುವರ್ಷ ಹಾಗೆಯೇ ಮಾಡಿದರು. ಬುಟ್ಟಿ ಹೆಣೆಯುವ ಒಬ್ಬ ಅಜ್ಜಿಯನ್ನು ನಾಲ್ಕು ಶನಿವಾರ ಶಾಲೆಗೆ ಕರೆಸಿ, ಸಂಗೀತ ಶಿಕ್ಷಕರಿಗೆ ಕೊಡುವಷ್ಟೇ ಗೌರವಧನ ಕೊಟ್ಟರು. ಅಜ್ಜಿ ಕಾಡಿನ ಬಳ್ಳಿ ಹೊತ್ತು ಬಂದರು. ಬಳ್ಳಿಗೆ ತುಳುವಿನಲ್ಲಿ ಬೂರು ಎನ್ನುತ್ತಾರೆ. ಕೊರಗ ಭಾಷೆಯಲ್ಲಿ ಏನೆನ್ನುತ್ತಾರೆಂದು ಮಕ್ಕಳು ಕೇಳಿ, ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ತರಗತಿಗೆ ಮೊದಲಿಗಳಾದ ಹುಡುಗಿಯೊಬ್ಬಳ ಬುಟ್ಟಿಯ ತಳವನ್ನು ಅಜ್ಜಿ ಮೂರು ಬಾರಿ ಬಿಚ್ಚಿಸಿದರು. ಅವಳಿಗೆ ಕಣ್ಣೀರು ಬಂತು. ತಳ ಸಡಿಲವಾದರೆ ಗೊಬ್ಬರ ಹೊರುವವಳ ತಲೆಯ ಮೇಲೆ ಸುರಿಯುತ್ತದೆ ಮಗಳೇ ಎಂದು ತುಳುವಿನಲ್ಲಿ ಹೇಳಿ, ನಾಲ್ಕನೆಯ ಸಲ ಕೈ ಹಿಡಿದು ಹೆಣೆಸಿದರು.

ಸೆಪ್ಟೆಂಬರ್ 8ರಂದು ಮೇರಿಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಬಾಲಮೇರಿಗೆ ಅರ್ಪಿಸುವ ಹೂವನ್ನು ಆ ಹುಡುಗಿ ಅದೇ ಬುಟ್ಟಿಯಲ್ಲಿ ತಂದಿದ್ದಳು. ಉಳಿದವರಿಗೆ ಬೇಕಾದ ನಲವತ್ತು ಬುಟ್ಟಿಗಳನ್ನು ಶಾಲೆಯವರು ಅಜ್ಜಿಯ ಮನೆಯಿಂದಲೇ, ಅಜ್ಜಿ ಹೇಳಿದ ಬೆಲೆಗೆ ಕೊಂಡಿದ್ದರು.